ಚಪ್ಪರ ಕಿತ್ತ ಮೇಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಎರಡನ್ನೂ ಒಂದೇ ಮುಹೂರ್ತಕ್ಕೆ ಮಾಡಹೊರಟವರಿಗೆ ಏನು ಹೇಳುತ್ತಿದ್ದರೋ ಕಾಣೆ. ದೊಡ್ಡ ಕ್ರೀಡಾಕೂಟಕ್ಕೆಂದು ಸ್ಟೇಡಿಯಂ ಕಟ್ಟುವ ಸರ್ಕಾರಗಳು ಮಾಡುವುದು ಇದನ್ನೇ. ಎರಡು ವಾರದ ಮದುವೆ, ಅದಕ್ಕೆ ಅರವತ್ತು ಸಾವಿರ ಜನ ಕೂರುವ ಮನೆ!

2025ರ ನವೆಂಬರಿನ ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ, "ದಿಲ್ಲಿಯ ನೆಹರೂ ಸ್ಟೇಡಿಯಂ ಕೆಡವ್ತಾರಂತೆ ಕಣೇ. 102 ಎಕರೆಯಲ್ಲಿ ಕ್ರೀಡಾನಗರ ಕಟ್ಟೋ ಯೋಜನೆಯಂತೆ" ಎಂದರು.

"ಯಾವುದು, ನಮ್ಮ ಏಷ್ಯಾಡ್ ಸ್ಟೇಡಿಯಮ್ಮೇ? ಈಚೆಗೆ ತಾನೇ ರಿಪೇರಿ ಮಾಡಿದ್ರಲ್ಲರೀ?"

"ಈಚೆಗೇನು, 2010ರಲ್ಲಿ."

ಆ ರಿಪೇರಿಗೆ ಸುರಿದ ಹಣ ಒಂಬೈನೂರು ಕೋಟಿಗೂ ಹೆಚ್ಚು. ಹದಿನೈದು ವರ್ಷಕ್ಕೆ ಅದನ್ನು ಕೆಡವುವ ಮಾತು! ನನ್ನ ಅಡುಗೆಮನೆಯ ರುಬ್ಬುವ ಕಲ್ಲಿಗೆ ಇದಕ್ಕಿಂತ ವಯಸ್ಸಾಗಿದೆ.

1982ರ ಏಷ್ಯಾಡ್ ನೆನಪಿರುವವರು ನಿಮ್ಮಲ್ಲೂ ಇದ್ದೀರಿ. ಆ ವರ್ಷವೇ ಆಗಸ್ಟ್ 15ಕ್ಕೆ ಬಣ್ಣದ ದೂರದರ್ಶನ ಬಂದಿತ್ತು. ನಾವಾಗ ಬೆಂಗಳೂರಿನಲ್ಲಿದ್ದೆವು. ನಮ್ಮ ಪಾಲಿಗೆ ಇದ್ದದ್ದು ಎದುರುಮನೆಯ ಕಪ್ಪುಬಿಳುಪು ಟಿ.ವಿ.ಯೇ. ಅಪ್ಪು ಎಂಬ ಆನೆಮರಿಯ ಚಿತ್ರವನ್ನು ಮಕ್ಕಳು ಗೋಡೆ ತುಂಬ ಬಿಡಿಸುತ್ತಿದ್ದರು. ಹದಿನೆಂಟರ ಪಿ.ಟಿ. ಉಷಾ ಅದೇ ಸ್ಟೇಡಿಯಂನಲ್ಲಿ ನೂರು ಮೀಟರಿಗೊಂದು, ಇನ್ನೂರು ಮೀಟರಿಗೊಂದು ಬೆಳ್ಳಿ ಗೆದ್ದಳು. ಎಂ.ಡಿ. ವಲ್ಸಮ್ಮ 400 ಮೀಟರ್ ಹರ್ಡಲ್ಸನ್ನು 58.47 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ತಂದಳು. ಎಂಟು ತಿಂಗಳ ಬಸುರಿಯಾಗಿದ್ದ ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಅತ್ತೆ ಬೈದರು. ಇವಳಿಗೆ ಆಟ ಎಂದರೆ ಆಗದು ಎಂದು ಯಾರೂ ಅನ್ನಬಾರದೆಂದು ಇಷ್ಟು ಹೇಳಿದೆ.

ಆದರೆ ಆ ಅಂಗಳಕ್ಕೆ ಕಲ್ಲು ಮಣ್ಣು ಹೊತ್ತ ಹೆಂಗಸರು ಅಂದು ಟಿ.ವಿ.ಯಲ್ಲಿ ಕಾಣಲಿಲ್ಲ. ಅವರ ಕಥೆ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಏಷ್ಯಾಡ್ ಕಾಮಗಾರಿಗಳಿಗೆ ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾ ಕಡೆಯಿಂದ ಕೂಲಿಕಾರರು ಬಂದಿದ್ದರು. ಅಂದಿನ ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿ ಜಮಾದಾರನ ಜೇಬಿಗೆ. ಹೆಂಗಸರಿಗೆ ಕೊಡುತ್ತಿದ್ದುದು 7 ರೂಪಾಯಿ ಮಾತ್ರ ಎಂಬ ದೂರೂ ಇತ್ತು. ಒಂದು ಪತ್ರವೇ ಅರ್ಜಿಯಾಗಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1982ರ ಸೆಪ್ಟೆಂಬರಿನಲ್ಲಿ ತೀರ್ಪು ಬರೆದರು. ಎರಡು ತಿಂಗಳಿಗೆ ಕ್ರೀಡಾಜ್ಯೋತಿ ಹೊತ್ತಿತು. ನಾವು ಚಪ್ಪಾಳೆ ತಟ್ಟಿದೆವು.

ತೀರ್ಪಿನಿಂದ ಪಾಠ ಕಲಿತೆವೇ? 2010ರ ಕಾಮನ್‌ವೆಲ್ತ್ ಕೂಟದ ಹೊತ್ತಿಗೆ ದಿಲ್ಲಿ ಹೈಕೋರ್ಟು ನೇಮಿಸಿದ ಸಮಿತಿ ಮತ್ತದೇ ಕಂಡಿತು: ಕಾಮಗಾರಿಗಳಲ್ಲಿ ಕನಿಷ್ಠ ಕೂಲಿಯೂ ಸರಿಯಾಗಿ ಸಿಗುತ್ತಿರಲಿಲ್ಲ. ಉದ್ಘಾಟನೆಗೆ ಹನ್ನೆರಡು ದಿನವಿರುವಾಗ ಸ್ಟೇಡಿಯಂ ಪಕ್ಕದ ಹೊಸ ಕಾಲುಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಗಾಯಗೊಂಡರು. ಮುಹೂರ್ತ ಮೀರುತ್ತದೆಂಬ ಅವಸರದಲ್ಲಿ ಪೆಟ್ಟು ತಿನ್ನುವುದು ಯಾವಾಗಲೂ ಕೆಲಸದವರೇ.

"ಬರೀ ಕೆಟ್ಟದ್ದೇ ಹೇಳ್ತೀಯಲ್ಲೇ" ಎಂದರು ಇವರು. ಒಳ್ಳೆಯದನ್ನೂ ಹೇಳುತ್ತೇನೆ. ಅದೇ 2010ರಲ್ಲಿ, ಅದೇ ಅಂಗಳದಲ್ಲಿ ಒಂದು ಮಗುವಿನ ತಾಯಿ ಕೃಷ್ಣಾ ಪೂನಿಯಾ ಡಿಸ್ಕಸ್ ಎಸೆದು ಚಿನ್ನ ಗೆದ್ದಳು. 1958ರ ಮಿಲ್ಖಾ ಸಿಂಗ್ ನಂತರ ಕಾಮನ್‌ವೆಲ್ತ್ ಅಥ್ಲೆಟಿಕ್ಸಿನಲ್ಲಿ ನಮಗೆ ಬಂದ ಮೊದಲ ಚಿನ್ನ ಅದು. ಬೆಳ್ಳಿ, ಕಂಚು ಕೂಡ ನಮ್ಮ ಹೆಣ್ಣುಮಕ್ಕಳಿಗೇ. ಮರುದಿನ 4x400 ರಿಲೇಯಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಒಬ್ಬಳು. ಆ ಅಂಗಳಕ್ಕೆ ಮರ್ಯಾದೆ ತಂದವರು ಹೆಣ್ಣುಮಕ್ಕಳು. ಅದಕ್ಕೇ ಅದರ ಲೆಕ್ಕ ಕೇಳುವ ಹಕ್ಕು ನಮಗಿದೆ ಎನ್ನುತ್ತೇನೆ.

ಕೂಟ ಮುಗಿದ ಮೇಲೆ ಏನಾಯಿತು? 2024ರ ಅಕ್ಟೋಬರಿನಲ್ಲಿ ಅಲ್ಲೊಂದು ಭಾರೀ ಸಂಗೀತ ಕಾರ್ಯಕ್ರಮ ನಡೆಯಿತು. ಮರುದಿನ ಅಭ್ಯಾಸಕ್ಕೆ ಹೋದ ಓಟಗಾರನೊಬ್ಬ ಟ್ರ್ಯಾಕಿನ ಮೇಲಿದ್ದ ಕಸ, ಬಾಟಲಿ, ಮುರಿದ ಹರ್ಡಲ್‌ಗಳನ್ನು ವಿಡಿಯೋ ಮಾಡಿ ಊರಿಗೆಲ್ಲ ತೋರಿಸಿದ. ಛತ್ರ ಬಾಡಿಗೆಗೆ ಕೊಟ್ಟವರೂ ಎಂಜಲೆಲೆ ಯಾರು ಎತ್ತಬೇಕೆಂದು ಮೊದಲೇ ಮಾತಾಡಿಕೊಂಡಿರುತ್ತಾರಲ್ಲವೇ?

ನಮ್ಮೂರ ಮೈದಾನದ್ದೂ ಇದೇ ಪಾಡು. ನನ್ನ ಮಗಳ ಗೆಳತಿಯೊಬ್ಬಳು ಚೆನ್ನಾಗಿ ಓಡುತ್ತಿದ್ದಳು. ಒಂದು ತಿಂಗಳು ವಸ್ತುಪ್ರದರ್ಶನ, ಇನ್ನೊಂದು ತಿಂಗಳು ಯಾರದೋ ಸಮಾವೇಶ, ಉಳಿದ ದಿನ ಗೇಟಿಗೆ ಬೀಗ. ಬೆಳಗಿನ ಜಾವ ಹೆದ್ದಾರಿಯ ಅಂಚಿನಲ್ಲಿ ಓಡುವಳು, ಹಿಂದೆ ಸೈಕಲ್ಲಿನಲ್ಲಿ ಅವಳಮ್ಮ ಕಾವಲು. ಒಂದು ದಿನ ಲಾರಿಯೊಂದು ಮೈಮೇಲೇ ಬಂದಂತಾಯಿತು. ಅಂದಿಗೆ ಓಟ ನಿಂತಿತು. ಬೀಗದ ಕೈ ಯಾರ ಬಳಿ ಇದೆ ಎಂದು ಅವಳಮ್ಮ ಮೂರು ಕಚೇರಿ ಸುತ್ತಿದ್ದರು. ಉತ್ತರ ಸಿಗಲಿಲ್ಲ.

ಹಾಳಾಗುವುದು ನಮ್ಮ ದೇಶದಲ್ಲಿ ಮಾತ್ರ ಎಂದುಕೊಳ್ಳಬೇಡಿ. ಕೆನಡಾದ ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸಿಗೆ ಸ್ಟೇಡಿಯಂ ಕಟ್ಟಿತು. ಗಂಡಸಿಗೆ ಮಗು ಹುಟ್ಟುವುದುಂಟೇ, ಹಾಗೆಯೇ ಒಲಿಂಪಿಕ್ಸಿನಲ್ಲಿ ನಷ್ಟವಾಗುವುದೂ ಇಲ್ಲ ಎಂದು ಅಲ್ಲಿನ ಮೇಯರ್ ಜೀನ್ ಡ್ರೇಪೋ ಜಂಬ ಕೊಚ್ಚಿದ್ದರು. ಹೆರುವ ಕಷ್ಟ ಗೊತ್ತಿಲ್ಲದವರಿಗೆ ಇಂಥ ಮಾತು ಸಲೀಸು! ನಷ್ಟ ಹುಟ್ಟಿತು, ಮೂವತ್ತು ವರ್ಷ ಬೆಳೆಯಿತು. ಸಾಲ ತೀರಿದ್ದು 2006ರಲ್ಲಿ, ಅದಕ್ಕೆ ತಂಬಾಕಿನ ಮೇಲೂ ತೆರಿಗೆ ಹಾಕಬೇಕಾಯಿತು. ಆ ಕೂಟದಲ್ಲಿ ಕೆನಡಾಕ್ಕೆ ಒಂದು ಚಿನ್ನವೂ ಬರಲಿಲ್ಲ.

ಇದಕ್ಕೆ ಬುದ್ಧಿವಂತಿಕೆಯ ಉದಾಹರಣೆಯೂ ಇದೆ. ಲಾಸ್ ಏಂಜಲೀಸ್ ನಗರದ ಕೊಲೀಸಿಯಂ ತೆರೆದದ್ದು 1923ರಲ್ಲಿ. 1932ರ ಒಲಿಂಪಿಕ್ಸ್ ಅಲ್ಲೇ, 1984ರದ್ದೂ ಅಲ್ಲೇ, 2028ಕ್ಕೂ ಅದನ್ನೇ ಸಜ್ಜು ಮಾಡುತ್ತಿದ್ದಾರೆ. ಹಳೆಯ ಸ್ಟೇಡಿಯಂಗಳನ್ನೇ ಬಳಸಿಕೊಂಡ 1984ರ ಕೂಟ ಲಾಭ ಮಾಡಿತು. ನಮ್ಮ ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದು ಅದೇ ಹಳೆಯ ಅಂಗಳದಲ್ಲಿ. ಅಜ್ಜಿಯ ಮದುವೆಯ ಪಾತ್ರೆಗೆ ಕಲಾಯಿ ಹಾಕಿಸಿ ಮೊಮ್ಮಗಳ ಮದುವೆಗೂ ಬಳಸಿದರೆ ಅವಮಾನವಲ್ಲ, ಅದು ಸಂಸಾರಸ್ಥರ ಲಕ್ಷಣ.

ಈಗ 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಬಂದಿದೆ. 2036ರ ಒಲಿಂಪಿಕ್ಸೂ ಬೇಕೆಂದು ಕೈಚಾಚಿದ್ದೇವೆ. ಬರಲಿ, ಬೇಡ ಎನ್ನುವವಳು ನಾನಲ್ಲ. ಆದರೆ ಮೊದಲ ಇಟ್ಟಿಗೆ ಇಡುವ ಮುನ್ನ ಮೂರು ಲೆಕ್ಕ ಒಪ್ಪಿಸಲಿ: ಇಟ್ಟಿಗೆ ಹೊರುವವಳ ಕೈಗೆ ಸಂಜೆ ಬೀಳುವ ಕೂಲಿ ಎಷ್ಟು? ಕೂಟ ಮುಗಿದ ಮೇಲೆ ವರ್ಷ ವರ್ಷವೂ ಅಂಗಳ ಗುಡಿಸಿ ಕಾಯುವ ಖರ್ಚು ಯಾರದು? ದಿನಾ ಬೆಳಗಿನ ಜಾವ ಗೇಟು ತೆಗೆಯುವವರು ಯಾರು?

"ನಿನ್ನ ಮಾತು ಅಲ್ಲಿ ಯಾರು ಕೇಳ್ತಾರೆ?" ಎಂದು ಇವರು ಪೇಪರ್ ಮಡಿಸಿದರು. ಕೇಳದಿದ್ದರೆ ಬೇಡ. ನಮ್ಮೂರ ಮೈದಾನದ ಬೀಗದ ಕೈ ಯಾರ ಬಳಿ ಇದೆಯೆಂದು ಸೋಮವಾರ ಕೇಳಲು ಹೋಗುತ್ತಿದ್ದೇವೆ, ನಾನು ಮತ್ತು ಆ ಹುಡುಗಿಯ ಅಮ್ಮ. ನಿಮ್ಮೂರಲ್ಲಿ ನೀವು ಕೇಳಿ.