ಲೈನ್ ಕ್ಲಿಯರ್ ಕೊಡುವವನಿಗೆ ‘ಇಲ್ಲ’ ಎನ್ನುವ ಹಕ್ಕು ಬೇಡವೇ?

ಕರೆಂಟು ಹೋದರೆ ನಾವು 1912ಕ್ಕೆ ಫೋನ್ ಮಾಡುತ್ತೇವೆ. ಸಿಗದಿದ್ದರೆ ಬೆಸ್ಕಾಂಗೆ ಶಾಪ ಹಾಕುತ್ತೇವೆ. ಲೈನ್‌ಮನ್ ಬಂದರೆ ಅವನ ಮೇಲೆ ರೇಗುತ್ತೇವೆ. ಕರೆಂಟು ಬಂದೊಡನೆ ಎಲ್ಲವನ್ನೂ ಮರೆತು ಟಿ.ವಿ. ಮುಂದೆ ಕೂರುತ್ತೇವೆ. ಇಷ್ಟೆಲ್ಲದರ ನಡುವೆ ಒಬ್ಬನ ನೆನಪು ಮಾತ್ರ ನಮಗೆ ಬರುವುದೇ ಇಲ್ಲ. ಆತ ಉಪಕೇಂದ್ರದ ಕಂಟ್ರೋಲ್ ರೂಮಿನಲ್ಲಿ ರಾತ್ರಿಪಾಳಿಯಲ್ಲಿ ಕುಳಿತಿರುವವನು. ಯಾವ ಫೀಡರ್ ಬಂದ್ ಮಾಡಬೇಕು, ಯಾವುದನ್ನು ಯಾವಾಗ ಮತ್ತೆ ಚಾರ್ಜ್ ಮಾಡಬೇಕು ಎಂಬುದು ಅವನ ಕೈಯಲ್ಲಿರುತ್ತದೆ. ಕೈಯಲ್ಲಿರುತ್ತದೆ ಎಂದೆವು. ನಿಜವಾಗಿ ಇರುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ.

ವಿಜಯನಗರ ಬಡಾವಣೆ ನುಂಗಿಕೊಂಡ ಹಳೆಯ ಊರುಗಳಲ್ಲಿ ಮಾರೇನಹಳ್ಳಿಯೂ ಒಂದು. ಇಲ್ಲಿನ ಗಲ್ಲಿಯೊಂದರ ಹುಡುಗ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದಾನೆ ಎಂದಿಟ್ಟುಕೊಳ್ಳಿ. ಮನೆಯವರಿಗೆ ‘ಕೆಇಬಿ ಕೆಲಸ’ ಎಂದರೆ ಇಂದಿಗೂ ಸ್ವರ್ಗ. 1999ರಲ್ಲಿ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಅದರಿಂದ ಬೆಸ್ಕಾಂ ಬೇರೆಯಾಯಿತು. ನಮ್ಮ ಬಾಯಲ್ಲಿ ಅದು ಇನ್ನೂ ಕೆಇಬಿಯೇ. ಆದರೆ ಅರ್ಜಿ ಕರೆಯುವವರೆಗೆ ಕಾಯಲು ಎಲ್ಲರ ಮನೆಯಲ್ಲೂ ಅನ್ನವಿರುವುದಿಲ್ಲ. ಹುಡುಗ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಉಪಕೇಂದ್ರ ಸೇರುತ್ತಾನೆ. ರಾಜ್ಯದ ಅನೇಕ ಉಪಕೇಂದ್ರಗಳ ಪಾಳಿ ನಡೆಯುತ್ತಿರುವುದೇ ಇಂಥ ಹುಡುಗರಿಂದ. ಗಂಟೆಗೊಮ್ಮೆ ಮೀಟರು ನೋಡಿ ಲಾಗ್‌ಶೀಟ್ ತುಂಬುವುದು, ಫೋನ್ ಎತ್ತುವುದು, ಬ್ರೇಕರ್ ತೆಗೆಯುವುದು, ಹಾಕುವುದು. ಹೊರಗಿನಿಂದ ನೋಡಿದರೆ ಇಷ್ಟೇ. ‘ಕೂತು ತಿನ್ನುವ ಕೆಲಸ’ ಎಂದು ನೆಂಟರು ನಗುವುದೂ ಉಂಟು.

ಆ ಕೂತ ಜಾಗದಲ್ಲಿ ಏನಿದೆ ಎಂದು ನೋಡೋಣ. ಕಂಬ ಹತ್ತುವ ಮುನ್ನ ಲೈನ್‌ಮನ್ ‘ಲೈನ್ ಕ್ಲಿಯರ್’ ಕೇಳುತ್ತಾನೆ. ಕಂಟ್ರೋಲ್ ರೂಮಿನವನು ಆ ಫೀಡರಿನ ಬ್ರೇಕರ್ ತೆಗೆದು, ಐಸೊಲೇಟರ್ ಬಿಡಿಸಿ, ಲೈನನ್ನು ಅರ್ತ್ ಮಾಡಿ, ಪುಸ್ತಕದಲ್ಲಿ ಬರೆದು, ನಂಬರು ಕೊಡುತ್ತಾನೆ. ಕೆಲಸ ಮುಗಿಸಿ ಕೆಳಗಿಳಿದವನು ಅದೇ ನಂಬರು ಹೇಳಿ ಲೈನ್ ಕ್ಲಿಯರ್ ಹಿಂದಿರುಗಿಸುವವರೆಗೆ ಆ ಸ್ವಿಚ್ಚನ್ನು ಯಾರೂ ಮುಟ್ಟುವಂತಿಲ್ಲ. ನಂಬರು ಒಂದು ಅಂಕಿ ತಪ್ಪಿ ಕೇಳಿಸಿದರೆ, ಪಕ್ಕದ ಫೀಡರ್ ತೆಗೆದು ಇದನ್ನು ಹಾಗೇ ಬಿಟ್ಟರೆ, ಮೇಲಿದ್ದವನು ಮತ್ತೆ ಇಳಿಯುವುದಿಲ್ಲ. ಇನ್ನೊಂದು ತೊಡಕೂ ಇದೆ. ದೊಡ್ಡ ಉಪಕೇಂದ್ರ ಕೆಪಿಟಿಸಿಎಲ್‌ನದು, ಅಲ್ಲಿಂದ ಹೊರಡುವ 11 ಕೆವಿ ಫೀಡರ್ ಬೆಸ್ಕಾಂನದು. ಫೋನಿನ ಈ ತುದಿಯಲ್ಲಿರುವವನು ಒಂದು ನಿಗಮಕ್ಕೆ, ಆ ತುದಿಯಲ್ಲಿರುವವನು ಇನ್ನೊಂದಕ್ಕೆ ಸೇರಿದವನು. ನಡುವೆ ಏಜೆನ್ಸಿಗಳು ಬೇರೆ. ಒಬ್ಬನ ಜೀವ ಇಷ್ಟು ಕೈಗಳನ್ನು ದಾಟಿ ಹೋಗಬೇಕು.

ಈಗ ಸಂಜೆ ಮಳೆ ಬಂದು ಫೀಡರ್ ಟ್ರಿಪ್ ಆಗಿದೆ ಎನ್ನಿ. ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನವರ ಫೋನು, ಅಪಾರ್ಟ್‌ಮೆಂಟಿನವರ ಫೋನು, ಸಾಹೇಬರ ಫೋನು, ಸಾಹೇಬರಿಗೆ ಫೋನು ಮಾಡಿದ ಪುಢಾರಿಯ ಫೋನು. ಎಲ್ಲರ ಮಾತೂ ಒಂದೇ: “ಒಂದ್ಸಲ ಹಾಕಿ ನೋಡ್ರೀ.” ಲೈನ್ ಪೂರ್ತಿ ನೋಡಿಕೊಂಡು ಬಂದ ವರದಿ ಇನ್ನೂ ಬಂದಿಲ್ಲ. ಎಲ್ಲೋ ತಂತಿ ತುಂಡಾಗಿ ಬಿದ್ದಿರಬಹುದು. ಆಗ ಆತ “ಇಲ್ಲ ಸಾರ್, ವರದಿ ಬರುವವರೆಗೆ ಹಾಕುವುದಿಲ್ಲ” ಎನ್ನಬೇಕು. ಈ ಕುರ್ಚಿಯ ನಿಜವಾದ ಕೆಲಸ ಇದೇ. ಮುಂದಿನ ತಿಂಗಳು ಗುತ್ತಿಗೆ ನವೀಕರಣವಾಗುತ್ತದೋ ಇಲ್ಲವೋ ಎಂದು ಎದುರು ನೋಡುತ್ತಿರುವ ಇಪ್ಪತ್ತೆರಡರ ಹುಡುಗ ಆ ಮಾತು ಹೇಳಬಲ್ಲನೇ?

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಜಂಕ್ಷನ್ ಬಳಿ ಪಾದಚಾರಿ ಮಾರ್ಗದಲ್ಲಿ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿಯೊಬ್ಬಳು ಕಂಕುಳ ಮಗುವಿನೊಂದಿಗೆ ಸತ್ತಳು. ಮಗುವಿಗೆ ಒಂಬತ್ತು ತಿಂಗಳು. ಇಂಜಿನಿಯರುಗಳ ಅಮಾನತಾಯಿತು, ಪರಿಹಾರ ಘೋಷಣೆಯಾಯಿತು. ಆ ತಪ್ಪು ಯಾರದೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ನಾವು ಹೇಳುವುದು ಇಷ್ಟು: ಒಣನೆಲದ ಮೇಲೆ, ಕಾಂಕ್ರೀಟಿನ ಮೇಲೆ ಬಿದ್ದ 11 ಕೆವಿ ತಂತಿ ಅನೇಕ ಸಲ ರಿಲೇ ಗುರುತಿಸುವಷ್ಟು ಕರೆಂಟು ಎಳೆಯುವುದಿಲ್ಲ. ಯಂತ್ರ ಸುಮ್ಮನಿರುತ್ತದೆ. ಆಗ ಉಳಿಯುವುದು ಮನುಷ್ಯನ ಅನುಮಾನ ಮಾತ್ರ.

‘ಸ್ಕಾಡಾ ಬಂದಿದೆ, ಇನ್ನು ಎಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ’ ಎನ್ನುವ ಮಹನೀಯರಿದ್ದಾರೆ. ಅವರಿಗೆ 2003ರ ಆಗಸ್ಟ್ 14ನ್ನು ನೆನಪಿಸುತ್ತೇವೆ. ಅಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು ಐದು ಕೋಟಿ ಜನ ಕತ್ತಲಲ್ಲಿ ಮುಳುಗಿದರು. ಓಹಿಯೊದ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ಅಲಾರಂ ವ್ಯವಸ್ಥೆ ಕೆಟ್ಟು ಗಂಟೆ ದಾಟಿದರೂ ಅಲ್ಲಿದ್ದವರಿಗೆ ಅದು ಗೊತ್ತೇ ಆಗಲಿಲ್ಲ. ಪರದೆ ಶಾಂತವಾಗಿತ್ತು, ಲೈನುಗಳು ಒಂದೊಂದಾಗಿ ಮರಗಳಿಗೆ ತಾಗಿ ಬೀಳುತ್ತಿದ್ದವು. ತನಿಖೆ ಬೊಟ್ಟು ಮಾಡಿದ ಕೊರತೆಗಳಲ್ಲಿ ಆಪರೇಟರುಗಳ ತರಬೇತಿಯೂ ಒಂದು.

ನಮ್ಮದನ್ನೇ ನೋಡೋಣ. ಮಾರೇನಹಳ್ಳಿಯಿಂದ ಕೆಲವೇ ಕಿಲೋಮೀಟರ್ ದೂರದ ರೇಸ್‌ಕೋರ್ಸ್ ರಸ್ತೆಯಲ್ಲಿ ರಾಜ್ಯ ವಿದ್ಯುತ್ ರವಾನೆಯ ಹತೋಟಿ ಕೇಂದ್ರವಿದೆ. ಅದರ ಮಗ್ಗುಲಲ್ಲೇ ಇಡೀ ದಕ್ಷಿಣ ಭಾರತದ ಕೇಂದ್ರ. ಉಪಕೇಂದ್ರದ ಹುಡುಗನ ಕೆಲಸದ ದೊಡ್ಡ ರೂಪ ಅಲ್ಲಿ ನಡೆಯುತ್ತದೆ. ಮಧ್ಯಾಹ್ನ ಪಾವಗಡದ ಸೌರ ಪಾರ್ಕಿನಿಂದ ಹರಿದುಬರುವ ವಿದ್ಯುತ್ತು ಸಂಜೆಗೆ ಇಳಿಯುತ್ತದೆ, ಅದೇ ಹೊತ್ತಿಗೆ ಮನೆಮನೆಯ ದೀಪ ಹತ್ತುತ್ತದೆ. ರಾಯಚೂರಿನ ಆರಿದ ಘಟಕ ಹೊತ್ತಿಕೊಳ್ಳಲು ಗಂಟೆಗಟ್ಟಲೆ ಬೇಕು, ಶರಾವತಿಗೆ ನಿಮಿಷಗಳು ಸಾಕು. ಆದರೆ ಶರಾವತಿಯ ನೀರನ್ನು ಬೇಸಿಗೆಗೂ ಉಳಿಸಬೇಕು. ಇದನ್ನೆಲ್ಲ ತೂಗಿ ಫ್ರೀಕ್ವೆನ್ಸಿಯನ್ನು 50ರ ಆಸುಪಾಸಿನಲ್ಲೇ ಹಿಡಿದಿಡಬೇಕು.

ಆ ಕೇಂದ್ರಕ್ಕೆ ಕಾನೂನಿನ ಬೆಂಬಲವಿದೆ. 2003ರ ವಿದ್ಯುತ್ ಕಾಯ್ದೆಯ 33ನೆಯ ಸೆಕ್ಷನ್ ಪ್ರಕಾರ ಅದರ ನಿರ್ದೇಶನವನ್ನು ಎಲ್ಲರೂ ಪಾಲಿಸಬೇಕು, ತಪ್ಪಿದರೆ ಐದು ಲಕ್ಷ ರೂಪಾಯಿವರೆಗೆ ದಂಡ. ಕಾಗದದ ಮೇಲೆ ಇಷ್ಟಿದ್ದರೂ ಏನಾಯಿತು? 2012ರ ಜುಲೈ 30 ಮತ್ತು 31ರಂದು ಉತ್ತರದ ಗ್ರಿಡ್ ಕುಸಿದು, ಎರಡನೆಯ ದಿನ ಸುಮಾರು 60 ಕೋಟಿ ಜನರ ಕರೆಂಟು ಹೋಯಿತು. ಮಿತಿಮೀರಿ ಎಳೆಯಬೇಡಿ ಎಂದು ಮೇಲಿನ ಕೇಂದ್ರ ಕೊಟ್ಟ ಸೂಚನೆಗೆ ರಾಜ್ಯಗಳ ಕೇಂದ್ರಗಳು ಸರಿಯಾಗಿ ಸ್ಪಂದಿಸದೇ ಇದ್ದುದು ತನಿಖಾ ಸಮಿತಿ ಎಣಿಸಿದ ಕಾರಣಗಳಲ್ಲಿ ಒಂದು. ದಕ್ಷಿಣ ಆಗ ಉಳಿದುಕೊಂಡಿತು, ಏಕೆಂದರೆ ನಮ್ಮ ಗ್ರಿಡ್ ಇನ್ನೂ ಬೇರೆಯೇ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ನಾವೂ ಸೇರಿಕೊಂಡೆವು. ಇನ್ನು ಆ ನೆಮ್ಮದಿಯಿಲ್ಲ. ಆ ಕುಸಿತಕ್ಕೆ ನಾಲ್ಕು ವರ್ಷ ಮುಂಚೆಯೇ, 2008ರಲ್ಲಿ, ಗಿರೀಶ್ ಪ್ರಧಾನ್ ಸಮಿತಿ ಈ ಕೇಂದ್ರಗಳಿಗೆ ಸ್ವಾಯತ್ತತೆ ಕೊಡಿ, ಅಲ್ಲಿ ಕೂರುವವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಿ, ಹೆಚ್ಚಿನ ಭತ್ಯೆ ಕೊಡಿ ಎಂದಿತ್ತು. ಅದು ದೊಡ್ಡ ಕೇಂದ್ರಗಳ ಮಾತು. ಮಾರೇನಹಳ್ಳಿಯ ಹುಡುಗ ಕೂರುವ ಉಪಕೇಂದ್ರ ಯಾವ ಸಮಿತಿಯ ಕಣ್ಣಿಗೆ ಬಿದ್ದಿದೆ?

ಜನರ ಕಣ್ಣಿಗಂತೂ ಅದು ಬೀಳುತ್ತದೆ, ಸಿಟ್ಟು ಬಂದಾಗ. 2023ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಉಪಕೇಂದ್ರಕ್ಕೆ ಮೊಸಳೆಯನ್ನೇ ಕಟ್ಟಿ ತಂದರು. ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಕೊಟ್ಟರೆ ಹೊಲದಲ್ಲಿ ಹಾವು, ಮೊಸಳೆಗಳ ಪಾಲಾಗುತ್ತೇವೆ ಎಂಬ ಅವರ ಕೂಗಿನಲ್ಲಿ ನ್ಯಾಯವಿತ್ತು. ಆದರೆ ವೇಳಾಪಟ್ಟಿ ಬರೆದವರು ಬೆಂಗಳೂರಿನಲ್ಲಿ, ಬಾಗಿಲ ಬಳಿ ಮೊಸಳೆ ಕಂಡವನು ಪಾಳಿಯ ಆಪರೇಟರ್.

ಹಾಗೆಂದು ಈ ಕೆಲಸಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಹೋಗಲೇಬೇಕು. ಗಲ್ಫಿನ ವೀಸಾಕ್ಕೆ ಸಾಲ ಮಾಡುವ ತಂದೆತಾಯಂದಿರು ಈ ಬಾಗಿಲನ್ನೂ ತಟ್ಟಿ ನೋಡಲಿ. 2024ರಲ್ಲಿ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಸೇರಿ 2,975 ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ. ಎಂಟು ಮೀಟರ್ ಕಂಬ ಹತ್ತಬೇಕು, ಓಡಬೇಕು, ಗುಂಡು ಎಸೆಯಬೇಕು. ಪವರ್‌ಮ್ಯಾನ್‌ಗೆ ಇದು ಸರಿಯೇ. ಸ್ಟೇಷನ್ನಿನಲ್ಲಿ ಕೂರುವವನಲ್ಲಿ ಪರೀಕ್ಷಿಸಬೇಕಾದ್ದು ಬೇರೆ ಇದೆ: ಕೇಳಿದ ನಂಬರನ್ನು ತಿರುಗಿ ಒಪ್ಪಿಸುತ್ತಾನೆಯೇ, ನಾಲ್ಕು ಫೋನು ಒಟ್ಟಿಗೆ ಬಂದಾಗ ತಲೆ ತಣ್ಣಗಿರುತ್ತದೆಯೇ, ಅನುಮಾನ ಬಂದರೆ ಕೈ ಹಿಂದೆ ತೆಗೆಯುತ್ತಾನೆಯೇ.

ಕಾಯಂ ಹುದ್ದೆ, ತಿಂಗಳುಗಟ್ಟಲೆಯ ತರಬೇತಿ, ಅನುಭವಿಯ ಪಕ್ಕದಲ್ಲಿ ಕೂರಿಸಿ ಕಲಿಸಿದ ಮೇಲಷ್ಟೇ ಒಂಟಿ ಪಾಳಿ. ಇವಕ್ಕೆಲ್ಲ ಹಣ ಬೇಕು, ಸರಕಾರ ಲೆಕ್ಕ ತೋರಿಸುತ್ತದೆ, ನಮಗೆ ಗೊತ್ತು. ಆದರೆ ಲೈನಿನ ವರದಿ ಬಾರದೆ ಫೀಡರ್ ಚಾರ್ಜ್ ಮಾಡಲು ಒಪ್ಪದ ಆಪರೇಟರನ್ನು, ಅವನು ಏಜೆನ್ಸಿಯವನಾದರೂ ಸರಿ, ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹಾಗೆ ಒತ್ತಾಯಿಸಿದ ಫೋನು ಯಾರದೆಂದು ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು ಎಂದು ಆದೇಶ ಹೊರಡಿಸಲು ಇಂಧನ ಇಲಾಖೆಗೆ ಒಂದು ಹಾಳೆ ಸಾಕು. ಮುಂದಿನ ಮಳೆಗಾಲಕ್ಕೆ ಮುಂಚೆ ಆ ಹಾಳೆ ಎಲ್ಲ ಉಪಕೇಂದ್ರಗಳ ಗೋಡೆಯ ಮೇಲೆ, ಫೋನಿನ ಪಕ್ಕದಲ್ಲೇ, ಅಂಟಿರಬೇಕು.