ಕೇಳುವವರಿದ್ದರೆ ಉಳಿಯುವ ಚಿತ್ರಗಳು

ಅಪರಾಧದ ಕಥೆಯುಳ್ಳ ಚಲನಚಿತ್ರವೆಂದರೆ ಅದು ಮನೆಮಂದಿಯೆಲ್ಲ ಕೂಡಿ ನೋಡತಕ್ಕದ್ದಲ್ಲ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಬಲವಾಗಿತ್ತು. ಅದು ಅಕಾರಣವಾದುದೇನೂ ಅಲ್ಲ. ಕೊಲೆ, ಕಳವು, ಮೋಸಗಳನ್ನೇ ರಂಜಕವಾಗಿ ತೋರಿಸಿ ಹಣ ಗಳಿಸುವ ಚಿತ್ರಗಳು ಅಂದೂ ಇದ್ದವು, ಇಂದೂ ಇವೆ. ಆದರೆ ಅಪರಾಧವನ್ನು ತೋರಿಸುವುದು ಬೇರೆ, ಅಪರಾಧದ ಮೂಲವನ್ನು ತೋರಿಸುವುದು ಬೇರೆ. ಸಭ್ಯ ಗೃಹಸ್ಥನೊಬ್ಬನ ಮನಸ್ಸಿನಲ್ಲಿ ಮೊದಲ ಬಿರುಕು ಎಲ್ಲಿ ಮೂಡಿತು, ಅದನ್ನು ಅವನು ಹೇಗೆ ಅಲಕ್ಷಿಸಿದ, ಅದು ಬೆಳೆದು ಅವನ ಮನೆಯನ್ನೇ ಹೇಗೆ ಸೀಳಿತು ಎಂಬುದನ್ನು ಗಂಭೀರವಾಗಿ ಪರಿಶೀಲಿಸುವ ಹಳೆಯ ಚಿತ್ರಗಳು ಕೆಲವಿವೆ. ಅವುಗಳಲ್ಲಿ ಬಹಳಷ್ಟನ್ನು ಲೋಕ ಮರೆತಿದೆ. ಅಂತಹ ಚಿತ್ರಗಳನ್ನು ಹುಡುಕಿ ತೆಗೆದು, ಒಂದೇ ವಿಷಯದ ದಾರದಲ್ಲಿ ಪೋಣಿಸಿ, ಒಂದರ ಹಿಂದೊಂದರಂತೆ ಜನರಿಗೆ ತೋರಿಸುವವರ ಕೆಲಸವನ್ನು ಕುರಿತು ಈ ತಿಂಗಳು ವಾಚಕ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇನೆ.

ಎರಡನೆಯ ಮಹಾಯುದ್ಧದ ಸಮಯದಲ್ಲಿ, ಜರ್ಮನರ ಆಕ್ರಮಣಕ್ಕೊಳಗಾದ ಫ್ರಾನ್ಸಿಗೆ ಅಮೆರಿಕದ ಚಿತ್ರಗಳು ಬರುವುದು ನಿಂತುಹೋಗಿತ್ತು. ಯುದ್ಧ ಮುಗಿದ ಮೇಲೆ ಕೆಲವು ವರ್ಷಗಳ ಚಿತ್ರಗಳು ಒಟ್ಟಿಗೆ ಬಂದಾಗ ಅಲ್ಲಿನ ವಿಮರ್ಶಕರಿಗೆ ಅವುಗಳಲ್ಲೊಂದು ಹೊಸ ಛಾಯೆ ಕಂಡಿತು. ರಾತ್ರಿಯ ಬೀದಿಗಳು, ಗೋಡೆಯ ಮೇಲಿನ ಉದ್ದನೆಯ ನೆರಳುಗಳು, ತಪ್ಪು ಹೆಜ್ಜೆಯಿಟ್ಟು ಹಿಂದಿರುಗಲಾರದ ಮನುಷ್ಯರು. 1946ರಲ್ಲಿ ನೀನೋ ಫ್ರಾಂಕ್ ಎಂಬ ವಿಮರ್ಶಕ ಇವನ್ನು ‘ಫಿಲ್ಮ್ ನ್ವಾರ್’, ಅಂದರೆ ಕಪ್ಪು ಚಿತ್ರ, ಎಂದು ಕರೆದ. ಆ ಹೆಸರೇ ನಿಂತಿತು. 1934ರಿಂದ 1968ರವರೆಗೆ ಅಮೆರಿಕದ ಚಿತ್ರೋದ್ಯಮವು ತನಗೆ ತಾನೇ ಹಾಕಿಕೊಂಡಿದ್ದ ನೀತಿಸಂಹಿತೆಯೊಂದು ಜಾರಿಯಲ್ಲಿತ್ತು. ಅಪರಾಧವು ಪ್ರೇಕ್ಷಕರ ಸಹಾನುಭೂತಿಗೆ ಪಾತ್ರವಾಗಕೂಡದು, ತಪ್ಪಿತಸ್ಥನಿಗೆ ದಂಡನೆ ತಪ್ಪಕೂಡದು ಎಂಬುದು ಅದರ ನಿಯಮ. ಹೀಗಾಗಿ ಈ ಚಿತ್ರಗಳ ಕೊನೆ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ನಿರ್ದೇಶಕನ ಜಾಣ್ಮೆಯೆಲ್ಲ ಪತನದ ದಾರಿಯನ್ನು ತೋರಿಸುವುದರಲ್ಲಿ ವ್ಯಯವಾಗುತ್ತದೆ.

ಈ ಚಿತ್ರಗಳಿಗೆ ಮರುಜೀವ ಕೊಟ್ಟವರಲ್ಲಿ ಪ್ರಮುಖರು ಸ್ಯಾನ್‌ಫ್ರಾನ್ಸಿಸ್ಕೊ ಪ್ರದೇಶದ ಲೇಖಕ ಎಡ್ಡಿ ಮುಲ್ಲರ್. ಅವರ ‘ನ್ವಾರ್ ಸಿಟಿ’ ಉತ್ಸವ 2003ರಲ್ಲಿ, 1922ರಷ್ಟು ಹಿಂದೆ ಕಟ್ಟಿದ ಕ್ಯಾಸ್ಟ್ರೊ ಚಿತ್ರಮಂದಿರದಲ್ಲಿ ಆರಂಭವಾಯಿತು. 2022ರಲ್ಲಿ ಅದು ನೆರೆಯ ಓಕ್‌ಲ್ಯಾಂಡಿನ ಗ್ರ್ಯಾಂಡ್ ಲೇಕ್ ಚಿತ್ರಮಂದಿರಕ್ಕೆ ಸ್ಥಳಾಂತರಗೊಂಡಿತು. ಉತ್ಸವದ ಬೆನ್ನಿಗೆ, ನಶಿಸುತ್ತಿರುವ ಚಿತ್ರಗಳನ್ನು ಉಳಿಸುವುದಕ್ಕಾಗಿಯೇ ‘ಫಿಲ್ಮ್ ನ್ವಾರ್ ಫೌಂಡೇಶನ್’ ಎಂಬ ಪ್ರತಿಷ್ಠಾನವೂ ಹುಟ್ಟಿಕೊಂಡಿತು. ಉತ್ಸವಕ್ಕೆ ವರ್ಷಕ್ಕೊಂದು ವಿಷಯವನ್ನು ಆರಿಸುವ ಪದ್ಧತಿಯುಂಟು. 2017ರಲ್ಲಿ ಭಾರಿ ದರೋಡೆಗಳ ಕಥೆಗಳು ವಿಷಯವಾಗಿದ್ದವು. 2015ರ ವಿಷಯವಾದರೋ ದಾಂಪತ್ಯ! ಕೊಲೆಯ ಚಿತ್ರಗಳಿಗೂ ದಾಂಪತ್ಯಕ್ಕೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ವಿಚಾರಿಸಿದರೆ ಸಂಬಂಧ ಗಾಢವಾಗಿಯೇ ಇದೆ. ಈ ಕಥೆಗಳಲ್ಲಿ ಎಷ್ಟೋ ಅಪರಾಧಗಳು ಹುಟ್ಟುವುದು ಊಟದ ಮೇಜಿನ ಮೌನದಲ್ಲಿ.

ಇಂತಹ ಚಿತ್ರಮಾಲೆಯನ್ನು ಹೆಣೆಯುವುದು ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಮೊದಲು ವಿಷಯ ಬೇಕು. ಅದು ತೀರ ಅಗಲವಾದರೆ ಮಾಲೆ ಸಡಿಲಾಗುತ್ತದೆ, ತೀರ ಕಿರಿದಾದರೆ ಒಂದೇ ಕಥೆಯನ್ನು ನಾಲ್ಕು ಸಲ ನೋಡಿದಂತಾಗುತ್ತದೆ. ಬಳಿಕ ಚಿತ್ರದ ಪ್ರತಿ ಎಲ್ಲಿದೆಯೆಂದು ಹುಡುಕಬೇಕು. ಅದರ ಹಕ್ಕು ಯಾರ ಬಳಿ ಇದೆಯೆಂದು ವಿಚಾರಿಸಬೇಕು. ಸಣ್ಣ ನಿರ್ಮಾಪಕರು ಸಂಸ್ಥೆ ಮುಚ್ಚಿ ಹೋದ ಮೇಲೆ ಅವರ ಚಿತ್ರಗಳು ವಾರಸುದಾರರಿಲ್ಲದ ಆಸ್ತಿಯಂತಾಗುತ್ತವೆ. ಇಷ್ಟೆಲ್ಲ ಆದ ಮೇಲೆ ಕ್ರಮದ ಪ್ರಶ್ನೆ: ಯಾವುದು ಮೊದಲು, ಯಾವುದು ಕೊನೆ, ಊಟದ ಬಿಡುವು ಎಲ್ಲಿ. ದೀರ್ಘ ಪ್ರದರ್ಶನದಲ್ಲಿ ಪ್ರೇಕ್ಷಕನ ಕಣ್ಣು ದಣಿಯುವುದಕ್ಕೆ ಮೊದಲು ಮನಸ್ಸು ದಣಿಯುತ್ತದೆ. ಕತ್ತಲಿನ ಮೇಲೆ ಕತ್ತಲನ್ನೇ ಸುರಿದರೆ ಅವನು ಎದ್ದುಹೋಗುತ್ತಾನೆ.

ದಾಂಪತ್ಯವೆಂಬ ಅದೇ ವಿಷಯವನ್ನು ಹಿಡಿದು ಒಂದು ದಿನದ ಮಾಲೆಯನ್ನು ನಾವೇ ಕಟ್ಟಿ ನೋಡೋಣ. ನಾಲ್ಕು ಚಿತ್ರಗಳು ಸಾಕು. ಒಟ್ಟು ಅವಧಿ ಸುಮಾರು ಆರು ಗಂಟೆ.

ಮೊದಲನೆಯದು ‘ಪಿಟ್‌ಫಾಲ್’, 1948ರದು. ನಿರ್ದೇಶಕ ಆಂದ್ರೆ ಡಿ ಟಾತ್. ವಿಮಾ ಸಂಸ್ಥೆಯ ನೌಕರನೊಬ್ಬ. ಮನೆಯಲ್ಲಿ ಒಳ್ಳೆಯ ಹೆಂಡತಿ, ಒಬ್ಬ ಮಗ. ಕೊರತೆಯೇನೂ ಇಲ್ಲ. ದಿನವೂ ಅದೇ ದಾರಿ, ಅದೇ ಕಚೇರಿ ಎಂಬ ಬೇಸರವೊಂದೇ ಅವನ ಕಷ್ಟ. ಆ ಬೇಸರದಲ್ಲಿ ಪರಸ್ತ್ರೀಯೊಬ್ಬಳ ಸ್ನೇಹಕ್ಕೆ ಬೀಳುತ್ತಾನೆ. ಅದನ್ನು ಮುಚ್ಚಿಡಲು ಸುಳ್ಳು, ಸುಳ್ಳಿನ ಬೆನ್ನಿಗೆ ರಕ್ತಪಾತ. ಕೊನೆಗೆ ಹೆಂಡತಿ ಅವನನ್ನು ತೊರೆಯುವುದಿಲ್ಲ, ಆದರೆ ಪೂರ್ಣವಾಗಿ ಕ್ಷಮಿಸಿದಳೆಂದೂ ಹೇಳುವಂತಿಲ್ಲ. ಪೆಟ್ಟು ಬಹುವಾಗಿ ಬೀಳುವುದು ಲಿಜಬೆತ್ ಸ್ಕಾಟ್ ಅಭಿನಯಿಸಿದ ಆ ಹೆಣ್ಣಿನ ಮೇಲೆ. ಅವನು ಮನೆಗೆ ಮರಳುತ್ತಾನೆ. ಅವಳಿಗೆ ಮರಳಲು ಮನೆಯಿಲ್ಲ.

ಅದರ ಬೆನ್ನಿಗೇ 1949ರ ‘ಟೂ ಲೇಟ್ ಫಾರ್ ಟಿಯರ್ಸ್’ ಚಿತ್ರವನ್ನಿಡಬೇಕು. ಕಣ್ಣೀರಿಗೂ ಹೊತ್ತು ಮೀರಿತು ಎಂಬುದು ಹೆಸರಿನ ಅರ್ಥ. ರಾತ್ರಿ ಕಾರಿನಲ್ಲಿ ಹೋಗುತ್ತಿದ್ದ ದಂಪತಿಗಳ ಬಳಿಗೆ, ಎದುರಿನಿಂದ ಬಂದ ಕಾರಿನವರು ಗುರುತು ತಪ್ಪಿ ಒಂದು ಚೀಲವನ್ನು ಎಸೆದುಹೋಗುತ್ತಾರೆ. ಅದರಲ್ಲಿ 60,000 ಡಾಲರ್. ಪೊಲೀಸರಿಗೆ ಒಪ್ಪಿಸೋಣವೆಂದು ಗಂಡ, ಇಟ್ಟುಕೊಳ್ಳೋಣವೆಂದು ಹೆಂಡತಿ. ಆ ಹಣದ ಬೆಲೆಯಾಗಿ ಅವಳು ಮೊದಲು ತೆರುವುದು ಗಂಡನ ಪ್ರಾಣವನ್ನು. ಕಡೆಗೆ ಹಣವೂ ಉಳಿಯುವುದಿಲ್ಲ, ಅವಳೂ ಉಳಿಯುವುದಿಲ್ಲ. ಇಲ್ಲಿಯೂ ಆ ಪಾತ್ರ ಲಿಜಬೆತ್ ಸ್ಕಾಟ್ ಅವರದೇ. ಮೊದಲ ಚಿತ್ರದಲ್ಲಿ ನಮ್ಮ ಮರುಕ ಪಡೆದ ಮುಖವೇ ಎರಡನೆಯದರಲ್ಲಿ ನಮ್ಮನ್ನು ನಡುಗಿಸುತ್ತದೆ. ಮುಖ ನೋಡಿ ಮನುಷ್ಯರನ್ನು ಅಳೆಯುವ ನಮ್ಮ ಅಭ್ಯಾಸ ಎಷ್ಟು ಹುಸಿಯೆಂಬುದು ಎರಡನ್ನೂ ಒಟ್ಟಿಗಿಟ್ಟಾಗ ಮಾತ್ರ ಹೊಳೆಯುತ್ತದೆ. ಕ್ರಮವನ್ನು ಹೆಣೆಯುವವನ ಕೆಲಸದ ಸಾರ್ಥಕತೆ ಇದು.

ಇಲ್ಲಿ ಊಟದ ಬಿಡುವು. ಅನಂತರ 1951ರ ‘ದಿ ಪ್ರೌಲರ್’. ನಿರ್ದೇಶಕ ಜೋಸೆಫ್ ಲೋಸಿ. ಮನೆಯ ಹೊರಗೆ ಯಾರೋ ಸುಳಿದಾಡುತ್ತಿದ್ದಾರೆಂದು ಒಂಟಿಯಾಗಿದ್ದ ಗೃಹಿಣಿಯೊಬ್ಬಳು ಪೊಲೀಸರನ್ನು ಕರೆಯುತ್ತಾಳೆ. ನಿಜವಾದ ಅಪಾಯವೆಂದರೆ ಕಾಪಾಡಲು ಬಂದ ಪೊಲೀಸನೇ. ಅವಳ ಗಂಡ ರಾತ್ರಿ ವೇಳೆ ರೇಡಿಯೊ ಕಾರ್ಯಕ್ರಮ ನಡೆಸುವವನು. ಗಂಡನ ಧ್ವನಿ ಮನೆಯಲ್ಲಿ ಮೊಳಗುತ್ತಿರುವಾಗಲೇ ಆ ಮನೆ ಒಳಗಿಂದ ಕುಸಿಯುತ್ತದೆ. ಆ ಧ್ವನಿ ಡಾಲ್ಟನ್ ಟ್ರಂಬೊ ಎಂಬ ಪ್ರಸಿದ್ಧ ಬರಹಗಾರನದು. ಚಿತ್ರಕಥೆಯನ್ನು ಬರೆದವನೂ ಅವನೇ. ರಾಜಕೀಯ ಕಾರಣಗಳಿಂದ ಚಿತ್ರೋದ್ಯಮವು ಅವನನ್ನು ಬಹಿಷ್ಕರಿಸಿದ್ದ ಕಾಲವದು. ಹೀಗಾಗಿ ಹೆಸರುಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಧ್ವನಿ ಮಾತ್ರ ಉಳಿದಿದೆ.

ಕೊನೆಗೆ, ನಾಲ್ಕರಲ್ಲಿ ಅತ್ಯಂತ ಚಿಕ್ಕದಾದ, 77 ನಿಮಿಷಗಳ ‘ವುಮನ್ ಆನ್ ದಿ ರನ್’. 1950ರ ಈ ಚಿತ್ರದ ನಿರ್ದೇಶಕ ನಾರ್ಮನ್ ಫಾಸ್ಟರ್. ನಾಯಕಿ ಆ್ಯನ್ ಶೆರಿಡನ್. ರಾತ್ರಿ ನಾಯಿಯನ್ನು ತಿರುಗಾಡಿಸಲು ಹೋದ ಚಿತ್ರಕಾರನೊಬ್ಬ ಕೊಲೆಯೊಂದನ್ನು ಕಣ್ಣಾರೆ ಕಂಡು, ಪ್ರಾಣಭಯದಿಂದ ಕಣ್ಮರೆಯಾಗುತ್ತಾನೆ. ಪೊಲೀಸರು ಮನೆಗೆ ಬಂದಾಗ ಹೆಂಡತಿಗೆ ಗಂಡನ ಬಗ್ಗೆ ಹೇಳಲು ಹೆಚ್ಚೇನೂ ತೋಚುವುದಿಲ್ಲ. ಒಂದೇ ಸೂರಿನಡಿ ಇದ್ದೂ ಅವರಿಬ್ಬರೂ ಪರಕೀಯರಾಗಿದ್ದರು. ಅವನ ಹೃದ್ರೋಗದ ಸಂಗತಿ ಕೂಡ ಅವಳಿಗೆ ಪರರಿಂದ ತಿಳಿಯಬೇಕಾಗುತ್ತದೆ. ಊರೆಲ್ಲ ಅವನನ್ನು ಅರಸುತ್ತ, ಅವನನ್ನು ಬಲ್ಲವರ ಮಾತು ಕೇಳುತ್ತ ಕೇಳುತ್ತ, ಆ ಮನುಷ್ಯ ತನ್ನನ್ನು ಎಷ್ಟು ಪ್ರೀತಿಸಿದ್ದನೆಂಬುದು ಅವಳಿಗೆ ಮೊದಲ ಬಾರಿಗೆ ಅರಿವಾಗುತ್ತದೆ. ಕೊಲೆಗಾರ ಯಾರೆಂಬುದನ್ನು ಇಲ್ಲಿ ಹೇಳಿದರೆ ಮುಂದೆ ನೋಡುವವರ ರುಚಿ ಕೆಟ್ಟೀತು. ಮೂರು ಮನೆಗಳು ಮುರಿದುದನ್ನು ಕಂಡ ಮೇಲೆ, ಮುರಿಯಲಿದ್ದ ಒಂದು ಮನೆ ಕೂಡಿಕೊಳ್ಳುವುದನ್ನು ಕಂಡು ಪ್ರೇಕ್ಷಕ ಎದ್ದು ಹೋಗಲಿ ಎಂಬುದೇ ಇದನ್ನು ಕೊನೆಗಿಡುವ ಉದ್ದೇಶ.

ಈ ಕೊನೆಯ ಚಿತ್ರ ಇಂದು ನಮಗೆ ನೋಡಸಿಗುತ್ತಿರುವುದೇ ಒಂದು ಕಥೆ. 2003ರ ಪ್ರಥಮ ಉತ್ಸವಕ್ಕಾಗಿ ಮುಲ್ಲರ್ ಕೇಳಿದಾಗ ಯೂನಿವರ್ಸಲ್ ಸಂಸ್ಥೆಯ ಸಂಗ್ರಹದಲ್ಲಿ ಇದರ ಪ್ರತಿಯೊಂದು ದೊರೆತು, ಪ್ರದರ್ಶನವೂ ಆಯಿತು. ನೋಡಿದವರು ಮೆಚ್ಚಿದರು. ಐದು ವರ್ಷಗಳ ನಂತರ, 2008ರ ಜೂನ್ 1ರಂದು, ಆ ಸಂಸ್ಥೆಯ ಆವರಣದಲ್ಲಿ ಸಂಭವಿಸಿದ ಅಗ್ನಿ ಅನಾಹುತದಲ್ಲಿ ಆ ಪ್ರತಿ ಸುಟ್ಟುಹೋಯಿತು. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ಆ ಚಿತ್ರವನ್ನು ಕಂಡವರು ಈಗ ಇದ್ದರು. ಏನು ಕಳೆದುಹೋಯಿತೆಂಬುದನ್ನು ಬಲ್ಲವರಿದ್ದರು. ಆದ್ದರಿಂದಲೇ ಹುಡುಕಾಟ ಮುಂದುವರಿಯಿತು. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಭಂಡಾರದಲ್ಲಿ ಚಿತ್ರದ ಸಾಮಗ್ರಿ ಇರುವುದು ಗೊತ್ತಾಯಿತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಲನಚಿತ್ರ ಭಂಡಾರದವರು ಅದನ್ನು ಪುನರುದ್ಧರಿಸಿದರು. 2015ರಲ್ಲಿ, ದಾಂಪತ್ಯವನ್ನೇ ವಿಷಯವಾಗಿ ಆರಿಸಿಕೊಂಡಿದ್ದ ಆ ಉತ್ಸವದಲ್ಲಿ, ಚಿತ್ರ ಮತ್ತೆ ತೆರೆಯ ಮೇಲೆ ಬಂದಿತು. ‘ಟೂ ಲೇಟ್ ಫಾರ್ ಟಿಯರ್ಸ್’ ಮತ್ತು ‘ದಿ ಪ್ರೌಲರ್’ ಕೂಡ ಅದೇ ಪ್ರತಿಷ್ಠಾನದ ನೆರವಿನಿಂದ ಉಳಿದುಕೊಂಡವು.

ವಾಚಕರು ಗಮನಿಸಬೇಕಾದ ಸಂಗತಿ ಇದು. ಬೆಂಕಿ ಎಲ್ಲಿಯೂ ಬೀಳಬಹುದು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮಂತೂ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಬೆಂಕಿ ಬೀಳದಿದ್ದರೂ ಕಾಲಾಂತರದಲ್ಲಿ ತಾನೇ ಕೊಳೆತು ಪುಡಿಯಾಗುತ್ತದೆ. ಆದರೆ ಬೆಂಕಿಗಿಂತ ಹೆಚ್ಚು ಚಿತ್ರಗಳನ್ನು ನುಂಗಿರುವುದು ಅನಾದರವೇ ಎಂದು ನನಗೆ ತೋರುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ದೇಶದಲ್ಲಿ 1912ರಿಂದ 1929ರವರೆಗೆ ತಯಾರಾದ ಸುಮಾರು 11,000 ಮೂಕ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇಕಡಾ 14 ಮಾತ್ರ. ಅಷ್ಟು ಸಂಪತ್ತುಳ್ಳ ನಾಡಿನ ಸ್ಥಿತಿಯೇ ಹೀಗೆ.

ನಮ್ಮ ನಾಡಿನ ಅನುಭವವೂ ಇದಕ್ಕಿಂತ ಭಿನ್ನವಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್‌ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಇಂದು ಎಲ್ಲಿಯೂ ದೊರೆಯುವುದಿಲ್ಲ. ತೆರೆಯ ಮೇಲೆ ಕನ್ನಡ ಮೊದಲು ನುಡಿದ ಆ ಗಳಿಗೆಯನ್ನು ನಾವು ಓದಬಲ್ಲೆವು, ಕೇಳಲಾರೆವು. ಅದರ ಅಂತಿಮ ಪ್ರತಿ ಯಾವುದೋ ಪೆಟ್ಟಿಗೆಯಲ್ಲಿ ಇದ್ದ ಕಾಲವೊಂದಿದ್ದಿರಲೇಬೇಕು. ಆಗ ಅದನ್ನು ಒಮ್ಮೆ ತೋರಿಸಿರೆಂದು ಕೇಳುವವರು ಇದ್ದಿದ್ದರೆ, ಪೆಟ್ಟಿಗೆಯ ಮುಚ್ಚಳ ಸಕಾಲದಲ್ಲಿ ತೆರೆಯುತ್ತಿತ್ತೇನೋ.

ಚಲನಚಿತ್ರೋತ್ಸವ ನಡೆಸುವುದು ನಮ್ಮೆಲ್ಲರಿಂದ ಆಗುವ ಕೆಲಸವಲ್ಲ. ಆದರೆ ಕೇಳುವುದು ಎಲ್ಲರಿಂದಲೂ ಆಗುವ ಕೆಲಸ. ನಮ್ಮ ಮನೆಗಳ ಅಟ್ಟದ ಮೇಲೆಯೂ ಮದುವೆಯ ವಿಡಿಯೊ ಕ್ಯಾಸೆಟ್ಟುಗಳಿವೆ, ಅಜ್ಜ-ಅಜ್ಜಿಯರ ಮಾತು ಮುದ್ರಿಸಿದ ಟೇಪುಗಳಿವೆ. ವರ್ಷಕ್ಕೊಂದು ರವಿವಾರ ಮನೆಮಂದಿ ಕುಳಿತು, ಈ ಸಲ ಮದುವೆಗಳು, ಮುಂದಿನ ಸಲ ಜಾತ್ರೆಗಳು ಎಂದು ವಿಷಯ ಆರಿಸಿಕೊಂಡು ಅವನ್ನು ನೋಡುವ ರೂಢಿ ಹಾಕಿಕೊಂಡರೆ, ಯಾವ ಸುರುಳಿಗೆ ಬೂಷ್ಟು ಹಿಡಿದಿದೆ, ಯಾವುದಕ್ಕೆ ತುರ್ತಾಗಿ ಪ್ರತಿ ತೆಗೆಸಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಅದಕ್ಕಿಂತ ಮಿಗಿಲಾದ ಲಾಭವೊಂದಿದೆ. ‘ಇವರು ಯಾರು?’ ಎಂದು ಮಕ್ಕಳು ಬೆರಳು ತೋರಿಸಿ ಕೇಳಿದಾಗ, ಉತ್ತರ ಹೇಳಬಲ್ಲ ಹಿರಿಯರು ಇನ್ನೂ ಪಕ್ಕದಲ್ಲಿ ಕುಳಿತಿರುತ್ತಾರೆ. ಗಂಡನ ಗುಣವನ್ನು ಪರರ ಬಾಯಿಂದ ಕೇಳಿ ತಿಳಿಯಬೇಕಾಯಿತಲ್ಲ ಎಂದು ಆ ಚಿತ್ರದ ಹೆಂಡತಿ ಮರುಗಿದಳು. ನಮ್ಮವರ ವಿಷಯದಲ್ಲಿ ಅಂತಹ ಮರುಕ ನಮಗೆ ಬಾರದಿರಲಿ. ಕೇಳಬೇಕಾದ್ದನ್ನು ಹೊತ್ತಿಗೆ ಮುನ್ನ ಕೇಳೋಣ.