ಸೂಜಿ ಚುಚ್ಚಿಸಿಕೊಳ್ಳದೆಯೂ ಟೈಲರ್ ಆಗಬಹುದು

ಜೂನ್‌ನಲ್ಲಿ ಕಾಲೇಜು ಶುರುವಾದಾಗ ನನ್ನ ಎಡಗೈ ತೋರುಬೆರಳಿನ ಉಗುರು ಇನ್ನೂ ಕಪ್ಪಾಗಿತ್ತು. ಏನಾಯಿತು ಎಂದು ಕೇಳಿದ ಗೆಳತಿಯರಿಗೆಲ್ಲ “ಬಾಗಿಲಿಗೆ ಸಿಕ್ಕಿಕೊಂಡಿತು” ಎಂದು ಹೇಳಿದ್ದೆ. ಅದು ಸುಳ್ಳು. ಹೊಲಿಗೆ ಮಷೀನಿನ ಸೂಜಿ ಉಗುರಿನ ಮೇಲಿಂದ ಇಳಿದು ಬೆರಳಿನ ಆ ಕಡೆ ಬಂದಿತ್ತು. ರಾತ್ರಿ ಕೂತು ನೈಟಿ ಹೊಲಿಯುತ್ತೇವೆ ಎಂದು ಹೇಳಿಕೊಳ್ಳಲು ನನಗೆ ಆಗ ನಾಚಿಕೆಯಾಗಿತ್ತು. ಈಗ ಆ ನಾಚಿಕೆ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ತರಗತಿಯಲ್ಲಿ ಇಂಥ ಬೆರಳು ನನ್ನದೊಂದೇ ಅಲ್ಲ ಎಂದು ಆಮೇಲೆ ಗೊತ್ತಾಯಿತು.

ಅದು ನಡೆದದ್ದು ರಂಜಾನ್‌ನ ಕೊನೆಯ ವಾರ. ನಮ್ಮ ಬೀದಿಯಲ್ಲಿ ಹೊಲಿಗೆ ಗೊತ್ತಿರುವ ಪ್ರತಿ ಮನೆಯಲ್ಲೂ ಆ ವಾರ ದೀಪ ಆರುವುದಿಲ್ಲ. ಕಂಟ್ರಾಕ್ಟರ್ ತಂದುಕೊಡುವ ನೈಟಿಗಳ ಜೊತೆಗೆ ಈದ್ ಬಟ್ಟೆಗಳೂ ಬಂದು ಬೀಳುತ್ತವೆ. ರಾತ್ರಿ ಒಂದು ಗಂಟೆ ದಾಟಿತ್ತು. ಅಮ್ಮಿ ಸಹ್ರಿಗೆ ಹಿಟ್ಟು ಕಲಸಲು ಎದ್ದರು, ನಾನು ಅವರ ಜಾಗದಲ್ಲಿ ಕೂತೆ. ದಾರ ಕಿತ್ತುಹೋಯಿತು. ಪೋಣಿಸಲು ಬಗ್ಗಿದೆ. ಕಾಲು ಮಾತ್ರ ಪೆಡಲ್ ಮೇಲೆಯೇ ಇತ್ತು. ಅಷ್ಟೇ.

ಕೂಗು ಕೇಳಿ ಬಂದ ಪಕ್ಕದ ಮನೆಯ ಖಾಲಾ ನನ್ನ ಬೆರಳು ನೋಡಿ, ಬೆನ್ನು ತಟ್ಟಿ, “ಪರವಾಗಿಲ್ಲ ಬೇಟಿ, ಈಗ ನೀನು ನಿಜವಾದ ಟೈಲರ್ ಆದೆ” ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆ ರಾತ್ರಿ ನನಗೂ ಒಂಥರಾ ಹೆಮ್ಮೆ ಅನಿಸಿತು. ಆದರೆ ಈಗ ಯೋಚಿಸಿದರೆ, ನಮ್ಮ ಕೈಗಳಿಗೆ ಸೂಜಿಗಿಂತ ಹೆಚ್ಚು ಕೇಡು ಮಾಡಿರುವುದು ಈ ಮಾತೇ ಎನಿಸುತ್ತದೆ. ಚುಚ್ಚಿಸಿಕೊಳ್ಳುವುದೇ ಕಲಿಕೆಯ ಗುರುತು ಎಂದಾದ ಮೇಲೆ ಚುಚ್ಚದಂತೆ ನೋಡಿಕೊಳ್ಳುವವರು ಯಾರು?

ಹೊಲಿಗೆ ಮರ್ಯಾದೆಯ ಕಸುಬು. ಮೊದಲು ಬಟ್ಟೆ ಹೊಲಿದು ತೊಟ್ಟವರು ಹಜ್ರತ್ ಇದ್ರೀಸ್ ಎಂಬ ನಂಬಿಕೆ ದರ್ಜಿಗಳಲ್ಲಿ ಹಿಂದಿನಿಂದಲೂ ಇದೆ. ಕನ್ನಡದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರು ತಮ್ಮ ಹೆಸರಿನಲ್ಲೇ ಸೂಜಿಯನ್ನು ಇಟ್ಟುಕೊಂಡರು. ಆದರೆ ಅವರ ಕೈಯಲ್ಲಿದ್ದದ್ದು ಕೈಸೂಜಿ. ಅದು ಚುಚ್ಚಿದರೆ ಒಂದು ಹನಿ ರಕ್ತ. ಅದಕ್ಕೂ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿಯನ್ನು ದರ್ಜಿಗಳು ಎಂದೋ ಕಂಡುಕೊಂಡಿದ್ದರು. ಅಂಗುಸ್ತಾನ ಎನ್ನುವ ಅದರ ಹೆಸರಿನಲ್ಲಿರುವ ಅಂಗುಷ್ತ್ ಎಂದರೆ ಪಾರಸಿಯಲ್ಲಿ ಬೆರಳು. ಗಾರ್ಮೆಂಟ್ಸ್ ಕಾರ್ಖಾನೆಯ ಮಷೀನು ನಿಮಿಷಕ್ಕೆ 4,000ದಿಂದ 5,000 ಹೊಲಿಗೆ ಹಾಕುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 67ರಿಂದ 83 ಸಲ ಸೂಜಿ ಇಳಿಯುತ್ತದೆ. ಇದರ ಮುಂದೆ “ಜಾಗ್ರತೆ ವಹಿಸು” ಎಂಬ ಬುದ್ಧಿಮಾತು ನಡೆಯುವುದಿಲ್ಲ. ಮಷೀನಿಗೇ ಅಡ್ಡ ಬೇಕು.

ಆ ಅಡ್ಡ ಇದೆ. ಅದಕ್ಕೆ ನೀಡಲ್ ಗಾರ್ಡ್ ಎನ್ನುತ್ತಾರೆ. ಸೂಜಿಯ ಮುಂದೆ, ಫುಟ್‌ನ ಮೇಲೆ ಕೂರುವ ಬಾಗಿದ ತಂತಿ. ಬಟ್ಟೆ ಅದರ ಕೆಳಗೆ ನುಸುಳುತ್ತದೆ, ಬೆರಳು ನುಸುಳುವುದಿಲ್ಲ. ಓವರ್‌ಲಾಕ್ ಮಷೀನಿಗೆ ಕಣ್ಣು ಕಾಯುವ ಪಾರದರ್ಶಕ ತಗಡು, ಬೆಲ್ಟಿಗೆ ಮುಚ್ಚಳ, ಕಟಿಂಗ್ ಮಾಸ್ಟರ್‌ಗೆ ಉಕ್ಕಿನ ಬಳೆಗಳಿಂದ ಹೆಣೆದ ಗ್ಲೌಸ್ ಇವೆ. ಯಂತ್ರದ ಅಪಾಯದ ಭಾಗಗಳಿಗೆ ಬೇಲಿ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ಈಗ ಅಮ್ಮಿಯ ಬೆರಳಿನ ಕಥೆ. ಅಮ್ಮಿ ಮನೆಯಲ್ಲಿ ಹೊಲಿಯುವುದಕ್ಕೆ ಮೊದಲು ಏಳು ವರ್ಷ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂರಿಸುವ ಕೆಲಸ ಮಾಡಿದವರು. ಹೊರದೇಶಕ್ಕೆ ಬಟ್ಟೆ ಕಳಿಸುವ ಕಾರ್ಖಾನೆಗಳಲ್ಲಿ ಸೂಜಿ ಮುರಿದರೆ ಒಂದು ಕಟ್ಟುನಿಟ್ಟಿನ ಕ್ರಮ ಇರುತ್ತದೆ. ಚೂರುಗಳೆಲ್ಲ ಸಿಗಬೇಕು, ಅವನ್ನು ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಬೇಕು, ಆಮೇಲೆಯೇ ಹೊಸ ಸೂಜಿ. ಇದು ಒಳ್ಳೆಯ ನಿಯಮವೇ. ಎಲ್ಲೋ ಒಂದು ಮಗು ಹಾಕಿಕೊಳ್ಳುವ ಅಂಗಿಯಲ್ಲಿ ಸೂಜಿಯ ಮೊನೆ ಉಳಿಯಬಾರದು. ಒಂದು ದಿನ ಅಮ್ಮಿಯ ಮಷೀನಿನ ಸೂಜಿ ಮುರಿಯಿತು. ಎರಡು ಚೂರು ಸಿಕ್ಕಿದವು, ಮೊನೆ ಸಿಗಲಿಲ್ಲ. ಅಯಸ್ಕಾಂತ ತಂದು ನೆಲವೆಲ್ಲ ಹುಡುಕಿದರು, ಕಾಲರ್‌ಗಳ ಕಟ್ಟನ್ನೆಲ್ಲ ಬಿಚ್ಚಿದರು. ಕೊನೆಗೆ ನೋಡಿದರೆ ಮೊನೆ ಇದ್ದದ್ದು ಅಮ್ಮಿಯ ಬೆರಳೊಳಗೆ. ಸೆರಗಿನಲ್ಲಿ ಸುತ್ತಿಕೊಂಡು ಅವರೂ ಎಲ್ಲರ ಜೊತೆ ನೆಲದ ಮೇಲೆ ಹುಡುಕುತ್ತಿದ್ದರು. ಅದನ್ನು ತೆಗೆಸಿ, ಬ್ಯಾಂಡೇಜ್ ಹಾಕಿಸಿ, ಮೊನೆಯನ್ನು ರಿಜಿಸ್ಟರ್‌ಗೆ ಅಂಟಿಸಿದರು. ಆ ದಿನದ ಟಾರ್ಗೆಟ್ ಕಡಿಮೆ ಮಾಡಲಿಲ್ಲ.

ಇದನ್ನು ಅಮ್ಮಿ ನಗುತ್ತಾ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ. ಆ ಬೆರಳ ತುದಿಯಲ್ಲಿ ಈಗಲೂ ಅವರಿಗೆ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರ ಆ ಬೆರಳನ್ನು ಗುರುತಿಸುವುದಿಲ್ಲ, ಬೇರೆ ಬೆರಳು ಇಡಬೇಕು.

ಆದರೂ ಕಾರ್ಖಾನೆಯಲ್ಲಿ ಒಂದು ಔಷಧಿ ಕೋಣೆ ಇತ್ತು, ಕೈಯಲ್ಲಿ ಇಎಸ್‌ಐ ಕಾರ್ಡ್ ಇತ್ತು. ಕೆಲಸದ ವೇಳೆ ಗಾಯವಾಗಿ ರಜೆ ಹಾಕಬೇಕಾಗಿ ಬಂದರೆ ಇಎಸ್‌ಐಯಿಂದ ಸಂಬಳದ 90% ಸಿಗುವ ವ್ಯವಸ್ಥೆ ಇದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದೊಂದು ಬೆರಳಿಗೂ ಲೆಕ್ಕ ಇತ್ತು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ 30% ನಷ್ಟ, ತೋರುಬೆರಳು ಪೂರ್ತಿ ಹೋದರೆ 14%, ನಡುಬೆರಳಿಗೆ 12%. ಓದಿದಾಗ ಮೈ ಜುಮ್ಮೆಂದಿತು. ಆದರೂ ಲೆಕ್ಕಕ್ಕೆ ಹಿಡಿಯುವುದೇ ಮೇಲು. ಅಜ್ಜಿಯನ್ನು ನೋಡಿಕೊಳ್ಳಲು ಅಮ್ಮಿ ಕಾರ್ಖಾನೆ ಬಿಟ್ಟು ಮನೆಯಲ್ಲಿ ಹೊಲಿಯತೊಡಗಿದ ದಿನದಿಂದ ನಮ್ಮ ಬೆರಳುಗಳು ಯಾರ ಲೆಕ್ಕದಲ್ಲೂ ಇಲ್ಲ. ಕಂಟ್ರಾಕ್ಟರ್ ಬಟ್ಟೆ ಎಣಿಸಿ ಕೊಡುತ್ತಾನೆ, ಎಣಿಸಿ ಒಯ್ಯುತ್ತಾನೆ. ಬಟ್ಟೆಗೆ ರಕ್ತದ ಕಲೆ ಆದರೆ ಆ ಪೀಸಿನ ದುಡ್ಡು ಹಿಡಿಯುತ್ತಾನೆ. ಮನೆಯಲ್ಲಿ ಕೂತು ದುಡಿಯುವವರಿಗೂ ಉಳಿದ ಕಾರ್ಮಿಕರಂತೆಯೇ ಸುರಕ್ಷತೆ ಸಿಗಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲೇ 177ನೇ ಒಡಂಬಡಿಕೆ ಮಾಡಿತು. ನಮ್ಮ ದೇಶ ಅದನ್ನು ಒಪ್ಪಿ ಸಹಿ ಹಾಕಿಲ್ಲ.

ಬೆರಳು ವಾಸಿಯಾದ ಮೇಲೆ ಶಿವಾಜಿನಗರಕ್ಕೆ ಹೋದಾಗ ಬಿಡಿಭಾಗದ ಅಂಗಡಿಯಲ್ಲಿ ಒಂದು ಗಾರ್ಡ್ ತಂದು ನಮ್ಮ ಮಷೀನಿಗೆ ಹಾಕಿದೆ. ಹೋಟೆಲಿನ ಒಂದು ಮಸಾಲೆ ದೋಸೆಯಷ್ಟೂ ಬೆಲೆ ಇಲ್ಲ. ಅಮ್ಮಿ ಎರಡೇ ದಿನಕ್ಕೆ ಬಿಚ್ಚಿಟ್ಟರು. “ಕಣ್ಣಿಗೆ ಅಡ್ಡ ಬರುತ್ತೆ, ಕೆಲಸ ನಿಧಾನ ಆಗುತ್ತೆ” ಎಂದರು. ನಾನು ಜಗಳ ಮಾಡಿದೆ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಗಾರ್ಡ್ ಇದ್ದರೂ ನನ್ನ ವೇಗ ನಾಲ್ಕನೇ ದಿನಕ್ಕೆ ಮೊದಲಿನಷ್ಟೇ ಆಯಿತು, ಏಕೆಂದರೆ ನಾನು ಮೊದಲೇ ನಿಧಾನ. ಅಮ್ಮಿಗೆ ಮಾತ್ರ ರಾತ್ರಿಗೆ ಒಂದು ನೈಟಿ ಕಡಿಮೆ ಬಂತು. ಒಂದು ನೈಟಿಗೆ 15 ರೂಪಾಯಿ.

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಅಮ್ಮಿ ಹೇಳಿದ್ದು ಸುಳ್ಳಲ್ಲ, ಸೋಮಾರಿತನವೂ ಅಲ್ಲ. ಸುರಕ್ಷತೆಗೆ ರಾತ್ರಿಗೆ 15 ರೂಪಾಯಿ ಖರ್ಚಿದೆ. ಆ ಖರ್ಚನ್ನು ಯಾರು ಹೊರಬೇಕು ಎಂಬುದೇ ಪ್ರಶ್ನೆ. ಬಟ್ಟೆ ಕೊಟ್ಟವನು ಹೊರುವುದಿಲ್ಲ, ಕೊಂಡವರಿಗೆ ಗೊತ್ತೇ ಇಲ್ಲ. ಹಾಗಾಗಿ ಅದನ್ನು ಹೊಲಿಯುವವಳ ಬೆರಳು ಹೊರುತ್ತದೆ. ಹೀಗಿರುವಾಗ ಗಾಯವಾದವಳನ್ನು “ಗಮನ ಎಲ್ಲಿತ್ತು?” ಎಂದು ಗದರುವುದು ನ್ಯಾಯವಲ್ಲ. ನಿದ್ದೆಗೆಟ್ಟ ಕಣ್ಣು, ಒಂದೇ ಬಲ್ಬು, ಪೀಸ್ ರೇಟು, ಈ ಮೂರು ಸೇರಿದರೆ ಎಂಥ ಜಾಣೆಯ ಗಮನವೂ ತಪ್ಪುತ್ತದೆ.

ದರ ಬದಲಾಗುವವರೆಗೆ ನಾವು ಸುಮ್ಮನೆ ಕೂರಬೇಕೆ? ಬೇಡ. ದುಡ್ಡೇ ಖರ್ಚಾಗದ ಕೆಲವು ಅಭ್ಯಾಸಗಳಿವೆ. ನನ್ನ ಬೆರಳು ಕಲಿಸಿದ ಮೊದಲನೆಯದು, ದಾರ ಪೋಣಿಸುವಾಗ, ಸೂಜಿ ಬದಲಿಸುವಾಗ, ಸಿಕ್ಕಿಕೊಂಡ ದಾರ ಬಿಡಿಸುವಾಗ ಸ್ವಿಚ್ ಆರಿಸಿ. ಕಾಲು ತೆಗೆದರೆ ಸಾಲದು, ಮರೆತು ಮತ್ತೆ ಅಲ್ಲಿಗೇ ಹೋಗುತ್ತದೆ. ಎರಡನೆಯದು, ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ. ಸೂಜಿ ಬಾಗಿ ಕೆಳಗಿನ ಉಕ್ಕಿನ ತಗಡಿಗೆ ಬಡಿದು ಮುರಿಯುತ್ತದೆ, ಚೂರು ಕಣ್ಣಿಗೂ ಹಾರಬಹುದು. ದಪ್ಪ ಮಡಿಕೆ ಬಂದಾಗ ಮೋಟಾರ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬಳೆ, ಸಡಿಲ ತೋಳು, ದುಪಟ್ಟಾದ ತುದಿ ಚಕ್ರದಿಂದ ದೂರವಿರಲಿ.

ಚುಚ್ಚಿಯೇ ಬಿಟ್ಟರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಸೂಜಿಯನ್ನು ಮೇಲೆತ್ತಿ. ಗಾಬರಿಯಲ್ಲಿ ಕೈ ಎಳೆದುಕೊಂಡರೆ ಸೂಜಿ ಒಳಗೇ ಮುರಿಯುತ್ತದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದು, ಕೈ ಮೇಲಕ್ಕೆತ್ತಿ ಇಟ್ಟುಕೊಳ್ಳಿ. ಅರಿಶಿನ, ಕಾಫಿಪುಡಿ, ಮಷೀನ್ ಎಣ್ಣೆ ಯಾವುದೂ ಬೇಡ. ಚೂರು ಒಳಗೆ ಉಳಿದಿರಬಹುದು ಎಂಬ ಅನುಮಾನವಿದ್ದರೆ ಪಿನ್ನಿನಿಂದ ಕೆದಕದೆ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇಯಲ್ಲಿ ಲೋಹ ಕಾಣುತ್ತದೆ. ಎಷ್ಟೇ ಸಣ್ಣ ಗಾಯವಾದರೂ ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ವಿಚಾರಿಸಿ. ತುಕ್ಕಿಲ್ಲದ ಸೂಜಿಯಿಂದಲೂ ಆ ರೋಗ ಬರಬಹುದು, ಅದರ ಬೀಜ ಇರುವುದು ಮಣ್ಣು ಧೂಳಿನಲ್ಲಿ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಟಿಡಿ ಚುಚ್ಚುಮದ್ದು ಉಚಿತವಾಗಿ ಇದೆ. 16 ಎಂದರೆ ನಾವೇ. ನಮ್ಮಲ್ಲಿ ಎಷ್ಟು ಜನ ಹಾಕಿಸಿಕೊಂಡಿದ್ದೇವೆ?

ಹೊಲಿಗೆ ಹುಡುಗಿಯರ ವಿಷಯ ಎಂದು ಹುಡುಗರು ಪುಟ ತಿರುಗಿಸಬೇಡಿ. ಕಳೆದ ವರ್ಷ ಕಾಲೇಜಿನ ವಸ್ತುಪ್ರದರ್ಶನದ ಹಿಂದಿನ ದಿನ ಮೂರು ಹುಡುಗರ ಕೈ ಕೊಯ್ದಿತ್ತು, ಒಬ್ಬನಿಗೆ ಗ್ಲೂ ಗನ್ನಿನಿಂದ ಬೊಬ್ಬೆ ಎದ್ದಿತ್ತು. ಆ ಅಂಟು ಕುದಿಯುವ ನೀರಿಗಿಂತ ಬಿಸಿ. ಚರ್ಮಕ್ಕೆ ಬಿದ್ದರೆ ಕಿತ್ತು ತೆಗೆಯದೆ 20 ನಿಮಿಷ ನಲ್ಲಿ ನೀರಿನಡಿ ಹಿಡಿಯಬೇಕು. ಮೊಂಡು ಬ್ಲೇಡಿಗೆ ಜೋರು ಹಾಕಬೇಕಾಗುತ್ತದೆ, ಅದಕ್ಕೇ ಜಾರುತ್ತದೆ. ಹೊಸ ಬ್ಲೇಡು, ಸ್ಟೀಲ್ ಸ್ಕೇಲು, ಕೊಯ್ಯುವ ದಾರಿಯಲ್ಲಿ ಇನ್ನೊಂದು ಕೈ ಇಲ್ಲದಿರುವುದು, ಇಷ್ಟು ಸಾಕಿತ್ತು. ಆ ದಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಬೀಗ ಹಾಕಿದ ಕೋಣೆಯಲ್ಲಿತ್ತು.

ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ನನ್ನ ವಿನಂತಿ ಮೂರು. ನಮ್ಮ ಹೊಲಿಗೆ ಕೋಣೆಯ ನಾಲ್ಕೂ ಮಷೀನುಗಳಿಗೆ ಗಾರ್ಡ್ ಹಾಕಿಸಿ. ಕಲಿಯುವಾಗಲೇ ಅದರ ಜೊತೆ ಕೈ ಪಳಗಿದವರಿಗೆ ಮುಂದೆ ಅದು ಅಡ್ಡ ಎನಿಸುವುದಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಬೀಗವಿಲ್ಲದ ಜಾಗದಲ್ಲಿ ಇಡಿಸಿ. ಎನ್‌ಎಸ್‌ಎಸ್ ವತಿಯಿಂದ ಆರೋಗ್ಯ ಕೇಂದ್ರದವರನ್ನು ಕರೆಸಿ ಒಂದು ದಿನ ಟಿಡಿ ಶಿಬಿರ ಮಾಡಿಸಿ. ಗರುಡಾಚಾರ್‌ಪಾಳ್ಯದ ಬೀದಿಗಳಲ್ಲಿ ಮನೆಯಲ್ಲಿ ಕೂತು ಹೊಲಿಯುವ ತಾಯಂದಿರಿಗೂ ಅಂದು ಬಾಗಿಲು ತೆರೆದಿರಲಿ.

ನಮ್ಮ ಮನೆಯ ಮಷೀನಿನ ಪಕ್ಕ ಒಂದು ಮೊಳೆ ಹೊಡೆದಿದ್ದೇವೆ. ನಾನು ಹೊಲಿಯಲು ಕೂತಾಗ ಅಮ್ಮಿ ತಾವೇ ಬಂದು ಗಾರ್ಡ್ ಹಾಕಿ ಕೊಡುತ್ತಾರೆ. ತಾವು ಕೂತಾಗ ಬಿಚ್ಚಿ ಆ ಮೊಳೆಗೆ ನೇತುಹಾಕುತ್ತಾರೆ. ನಿನ್ನೆ ರಾತ್ರಿಯೂ ಅದು ಅಲ್ಲೇ ನೇತಾಡುತ್ತಿತ್ತು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ